ಚಂದಿರನ ನೆಪ

ಹದಿನೈದರ ಪ್ರಾಯದ ಹುಡುಗ ಹುಡುಗಿಯರ ಒಲವಿನ ಕಥೆಯನ್ನು ಕುರಿತು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಶಿಕ್ಷಕಿಯೊಬ್ಬಳು ಲೇಖನ ಬರೆಯುವುದೆಂದರೆ ಕೆಲವು ಹಿರಿಯರಾದರೂ ಹುಬ್ಬು ಗಂಟಿಕ್ಕಿಯಾರು. ಅವರಿಗೆ ನನ್ನ ಸಮಾಧಾನವಿಷ್ಟೆ: ಕಣ್ವರ ಆಶ್ರಮದಲ್ಲಿ ಗಿಡಗಳಿಗೆ ನೀರೆರೆಯುತ್ತಿದ್ದ ಶಕುಂತಲೆಯ ಪ್ರಾಯವೆಷ್ಟೆಂದು ನಾವಾರೂ ಕೇಳಿದವರಲ್ಲ, ಆ ಕಥೆಯನ್ನು ತಲೆಮಾರುಗಳಿಂದ ಮಕ್ಕಳಿಗೆ ಪಾಠ ಹೇಳಿ, ಪ್ರಶ್ನೆ ಕೇಳಿ, ಅಂಕಗಳನ್ನೂ ಕೊಟ್ಟಿದ್ದೇವೆ. ಆದುದರಿಂದ ಆ ಚರ್ಚೆ ಅಂತಿರಲಿ. ನನ್ನ ಕುತೂಹಲವಿರುವುದು ಬೇರೊಂದು ಕಡೆ. ಇಂಥ ಕಥೆಗಳಲ್ಲಿ ಹರಿಯುವ ಕಣ್ಣೀರನ್ನು ನಾವು ಯಾವಾಗ ನಂಬುತ್ತೇವೆ, ಯಾವಾಗ ನಂಬುವುದಿಲ್ಲ ಎಂಬುದೇ ಅದು.

ಈ ವಿಚಾರ ನನ್ನ ತಲೆಯನ್ನು ಹೊಕ್ಕದ್ದು ಲೋಕಲ್ ಗಾಡಿಯಲ್ಲಿ. ಕಳೆದ ಮಳೆಗಾಲದಲ್ಲಿ ವಾಶಿಯಲ್ಲಿ ನಡೆದ ಭಾಷಣಸ್ಪರ್ಧೆಯೊಂದನ್ನು ಮುಗಿಸಿಕೊಂಡು, ಒಂಬತ್ತನೆಯ ತರಗತಿಯ ನಾಲ್ವರು ಹುಡುಗಿಯರೊಡನೆ ಥಾಣೆಯ ಮಾರ್ಗವಾಗಿ ಡೊಂಬಿವಲಿಗೆ ಮರಳುತ್ತಿದ್ದೆ. ಮುಂಬ್ರಾ ದಾಟಿದ ಮೇಲೆ ಗಾಡಿ ನಿಂತದ್ದು ನಿಂತೇಬಿಟ್ಟಿತು. ಕಿಟಕಿಯಾಚೆ ಖಾಡಿಯ ನೀರೂ ಮುಗಿಲಿನ ನೀರೂ ಒಂದಾಗಿದ್ದವು. ನನ್ನ ನಾಲ್ವರು ವಾಗ್ಮಿಗಳು ಅಣ್ಣನೊಬ್ಬನ ಮೊಬೈಲ್ ಫೋನಿನ ಮೇಲೆ ತಲೆಗೆ ತಲೆ ತಾಗಿಸಿ ಕುಳಿತು, ಒಬ್ಬರಾದ ಮೇಲೊಬ್ಬರು ಮೂಗನ್ನು ಸೆರಗಿಗೆ, ಕರವಸ್ತ್ರಕ್ಕೆ ಒರಸಿಕೊಳ್ಳುತ್ತಿದ್ದರು. ಬಹುಮಾನ ಬಾರದ ದುಃಖವಿರಬೇಕೆಂದು ಭಾವಿಸಿ ಸಂತೈಸಲು ಹೋದೆ. “ಅದಲ್ಲ ಟೀಚರ್, ಇದು ಅನಿಮೆ, ಜಪಾನಿನದ್ದು” ಎಂದಳು ಒಬ್ಬಳು. ಇನ್ನೊಬ್ಬಳು, “ಇದ್ರಲ್ಲಿ ಫೈಟಿಂಗ್ ಇಲ್ಲ ಟೀಚರ್, ಭೂತ ಇಲ್ಲ, ಏನೂ ಆಗೋದೇ ಇಲ್ಲ. ಆದ್ರೂ ಅಳು ಬರ್ತದೆ” ಎಂದಳು.

ಏನೂ ಆಗದ ಕಥೆ ಅಳಿಸುತ್ತದೆ ಎಂಬ ಆ ಮಾತಿನಲ್ಲಿ ಒಳ್ಳೆಯ ವಿಮರ್ಶೆಯೊಂದು ಅಡಗಿರುವುದೆಂದು ನನಗೆ ತೋರಿತು. ಮನೆಗೆ ಬಂದವಳು ಆ ಮಾಲಿಕೆಯ ಹನ್ನೆರಡು ಕಂತುಗಳನ್ನೂ ರಾತ್ರಿಯ ಅಡಿಗೆಗೆಲಸ ಮುಗಿದ ಬಳಿಕ, ದಿನಕ್ಕೊಂದರಂತೆ ನೋಡಿ ಮುಗಿಸಿದೆ.

ಮಾಲಿಕೆಯ ಹೆಸರು ‘ತ್ಸುಕಿ ಗಾ ಕಿರೇ’. ೨೦೧೭ರ ಏಪ್ರಿಲ್‌ನಿಂದ ಜೂನ್‌ವರೆಗೆ ಜಪಾನಿನಲ್ಲಿ ಪ್ರಸಾರವಾದದ್ದು. ಸೇಯ್ಜಿ ಕಿಶಿ ಎಂಬವರ ನಿರ್ದೇಶನ. ‘ಚಂದಿರ ಚೆಲುವಾಗಿದ್ದಾನೆ’ ಎಂದು ಆ ಹೆಸರಿನ ಅರ್ಥ. ಇದರ ಹಿಂದೆ ಜಪಾನೀಯರು ಬಹುವಾಗಿ ಹೇಳಿಕೊಳ್ಳುವ ಒಂದು ದಂತಕಥೆಯುಂಟು. ಅಲ್ಲಿಯ ಹಿರಿಯ ಕಾದಂಬರಿಕಾರ ನಾತ್ಸುಮೆ ಸೋಸೆಕಿ (೧೮೬೭–೧೯೧೬) ಇಂಗ್ಲಿಷ್ ಕಲಿಸುತ್ತಿದ್ದ ದಿನಗಳಲ್ಲಿ, ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ವಾಕ್ಯವನ್ನು ಶಿಷ್ಯನೊಬ್ಬ ಅಕ್ಷರಶಃ ಅನುವಾದಿಸಿದನಂತೆ. ಜಪಾನೀಯನಾದವನು ಹೀಗೆ ನುಡಿಯಲಾರ, ಚಂದಿರ ಚೆಲುವಾಗಿದ್ದಾನಲ್ಲವೇ ಎಂದರೆ ಸಾಕು ಎಂದು ಗುರುಗಳು ತಿದ್ದಿದರಂತೆ. ಸೋಸೆಕಿಯವರ ಬರೆಹದಲ್ಲಿ ಎಲ್ಲಿಯೂ ಇದಕ್ಕೆ ಆಧಾರವಿಲ್ಲ. ಆದರೂ ಕಥೆ ಬಾಳಿದೆ. ಅನುವಾದದ ಪಾಠ ಮಾಡುವ ನಮ್ಮಂಥವರಿಗಂತೂ ಇಂಥ ಗುರು ಒಬ್ಬನಿದ್ದನೆಂದು ನಂಬುವುದೇ ಹಿತವಾಗಿದೆ.

ಕಥೆಯ ನೆಲೆ ಕಾವಾಗೋಯೆ ಎಂಬ ಊರು. ಟೋಕಿಯೋ ನಗರದ ವಾಯವ್ಯಕ್ಕೆ, ಸೈತಾಮಾ ಪ್ರಾಂತದಲ್ಲಿ ಅದಿದೆ. ಮಹಾನಗರಕ್ಕೆ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ. ಆದರೆ ತನ್ನದೇ ಆದ ಹಳೆಯ ಪೇಟೆ, ಮಣ್ಣಿನ ದಪ್ಪ ಗೋಡೆಯ ಉಗ್ರಾಣಗಳು, ಗಂಟೆಯ ಗೋಪುರ, ಶರತ್ಕಾಲದ ರಥೋತ್ಸವ, ಗೆಣಸಿನ ತಿಂಡಿ ಇವುಗಳಿಂದಾಗಿ ತನ್ನತನ ಉಳಿಸಿಕೊಂಡ ಊರು. ಮುಂಬಯಿಗೆ ನಮ್ಮ ಕಲ್ಯಾಣ್ ಹೇಗೋ ಟೋಕಿಯೋಗೆ ಕಾವಾಗೋಯೆ ಹಾಗೆ. ಕಲ್ಯಾಣ್ ಎಂದರೆ ಗಾಡಿ ಬದಲಿಸುವ ಜಂಕ್ಷನ್ ಎಂದಷ್ಟೇ ಬಲ್ಲವರಿಗೆ ದುರ್ಗಾಡಿ ಕೋಟೆಯೂ ಹಳೆಯ ಬಂದರೂ ಕಾಣಿಸುವುದಿಲ್ಲ. ಆ ಮಾಲಿಕೆಯನ್ನು ರಚಿಸಿದವರು ಊರನ್ನು ಕಂಡು ಬರೆದಿದ್ದಾರೆ. ಬೀದಿ, ಸೇತುವೆ, ಗುಡಿ, ನಿಲ್ದಾಣ ಎಲ್ಲವೂ ಇದ್ದಂತೆಯೇ ಇವೆ. ನಮ್ಮ ಫಡ್ಕೆ ರಸ್ತೆಯನ್ನು ಯಾರಾದರೂ ಇಷ್ಟು ಮಮತೆಯಿಂದ ಎಂದು ಚಿತ್ರಿಸುವರೋ!

ಕೋತಾರೋ ಎಂಬ ಹುಡುಗ ಪುಸ್ತಕದ ಹುಳು. ಕಥೆ ಬರೆಯಬೇಕೆಂಬ ಹಂಬಲದವನು. ಅಕಾನೆ ಎಂಬ ಹುಡುಗಿ ಓಟಗಾರ್ತಿ. ಎದೆ ಢವಗುಟ್ಟಿದಾಗಲೆಲ್ಲ ಗೆಣಸಿನ ಆಕಾರದ ಸಣ್ಣ ಗೊಂಬೆಯೊಂದನ್ನು ಅಂಗೈಯಲ್ಲಿ ಹಿಸುಕುತ್ತಾಳೆ. ಇಬ್ಬರೂ ಒಂದೇ ತರಗತಿಯವರು. ಇಬ್ಬರಿಗೂ ಮಾತು ಬಾರದು. ಒಂದು ಸಂಜೆ ಉಪಾಹಾರಗೃಹವೊಂದರಲ್ಲಿ ಎರಡು ಮನೆಯವರೂ ಅಕಸ್ಮಾತ್ತಾಗಿ ಎದುರಾಗುತ್ತಾರೆ. ತಂದೆತಾಯಿಗಳು ಸಂತೋಷದಿಂದ ಪರಸ್ಪರ ವಂದಿಸುತ್ತಿರಲು ಈ ಮಕ್ಕಳಿಬ್ಬರೂ ನೆಲ ಬಿರಿಯಬಾರದೇ ಎಂಬಂತೆ ಕುಳಿತಿರುತ್ತಾರೆ. ಮದುವೆಯ ಮಂಟಪದಲ್ಲಿಯೋ ಗಣೇಶೋತ್ಸವದ ಪಂಗ್ತಿಯಲ್ಲಿಯೋ ನಿಮ್ಮ ತಾಯಿ ನಿಮ್ಮ ಸಹಪಾಠಿಯನ್ನು ಹಿಡಿದು ನಿಲ್ಲಿಸಿ, “ನಮ್ಮವನಿಗೆ ಗಣಿತದಲ್ಲಿ ಎಷ್ಟು ಬಂತು ಮಗಾ?” ಎಂದು ಕೇಳಿದ ಆ ಗಳಿಗೆಯನ್ನು ನೆನೆದುಕೊಳ್ಳಿರಿ. ಹದಿನೈದರ ಪ್ರಾಯದಲ್ಲಿ ಹೆತ್ತವರ ಮೇಲಿನ ಪ್ರೀತಿಯೂ ಹೆತ್ತವರ ಕುರಿತ ನಾಚಿಕೆಯೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ಇದನ್ನು ಅರಿತ ಕಥೆಗಾರ ನನ್ನ ವಿಶ್ವಾಸವನ್ನು ಮೊದಲ ಕಂತಿನಲ್ಲಿಯೇ ಗೆದ್ದ.

ಹುಡುಗ ಗುಡಿಯ ಅಂಗಳದಲ್ಲಿ ಚಂದಿರನನ್ನು ನೋಡುತ್ತ ಆ ಪ್ರಸಿದ್ಧ ಮಾತನ್ನು ಆಡಬೇಕೆಂದು ತವಕಿಸುತ್ತಾನೆ. ಬಾಯಿಯಿಂದ ಹೊರಟದ್ದು ಚಂದಿರನ ಮಾತಲ್ಲ, ‘ನನ್ನ ಜೊತೆಯಾಗುವೆಯಾ’ ಎಂಬ ಸಾದಾ ಪ್ರಶ್ನೆ. ಸಾಹಿತ್ಯವನ್ನು ಓದಿದವನಿಗೂ ಬೇಕಾದ ಹೊತ್ತಿಗೆ ಸಾಹಿತ್ಯ ಒದಗುವುದಿಲ್ಲವೆಂಬ ಸತ್ಯವನ್ನು ಕನ್ನಡ ಶಿಕ್ಷಕಿಯಾಗಿ ನಾನು ಸ್ವಲ್ಪ ವಿಷಾದದಿಂದಲೇ ಒಪ್ಪಿಕೊಳ್ಳಬೇಕಾಗಿದೆ. ಮನಸ್ಸು ಹಿಗ್ಗಿದಾಗ ಅವನು ಕೋಣೆಯ ದೀಪದ ಹಗ್ಗಕ್ಕೆ ಕುಸ್ತಿಯವನಂತೆ ಗುದ್ದು ಕೊಡುತ್ತಾನೆ. ಅಷ್ಟೆ. ಮರ ಸುತ್ತುವುದಿಲ್ಲ, ಹಿಮಪರ್ವತಕ್ಕೆ ಓಡುವುದಿಲ್ಲ. ಕಂತುಗಳ ಬಹುಭಾಗ ಕಳೆಯುವುದು ಫೋನಿನಲ್ಲಿ ಬರೆದು ಅಳಿಸಿದ ಸಂದೇಶಗಳಲ್ಲಿ, ‘ಓದಿದಳೇ, ಏಕೆ ಉತ್ತರಿಸಲಿಲ್ಲ’ ಎಂಬ ಕಾಯುವಿಕೆಯಲ್ಲಿ.

ಕ್ಯೋಟೋ ನಗರಕ್ಕೆ ಶಾಲೆಯ ಪ್ರವಾಸ ಹೋದಾಗ ಹುಡುಗನ ಫೋನನ್ನು ಮಾಸ್ತರರು ವಶಪಡಿಸಿಕೊಳ್ಳುತ್ತಾರೆ. ಎಲ್ಲಿ ಭೇಟಿಯಾಗಬೇಕೆಂದು ತಿಳಿಸುವ ಉಪಾಯವಿಲ್ಲದೆ ಹುಡುಗಿ ಕಾಯುತ್ತ ನಿಲ್ಲುತ್ತಾಳೆ. ಪ್ರವಾಸದಲ್ಲಿ ಮಕ್ಕಳ ಫೋನು ಕಸಿದಿಟ್ಟುಕೊಂಡು ಕೈಚೀಲ ಭಾರವಾಗಿಸಿಕೊಂಡ ಅನುಭವ ನನಗೂ ಇರುವುದರಿಂದ, ಆ ಕಂತಿನಲ್ಲಿ ನನ್ನ ಸಹಾನುಭೂತಿ ಇಬ್ಬಾಗವಾಯಿತು. ನಿಯಮ ನಿಯಮವೇ. ಮುಂದಿನ ಪ್ರವಾಸದಲ್ಲಿಯೂ ಕಸಿದುಕೊಳ್ಳುತ್ತೇನೆ. ಆದರೆ ಆ ಚೀಲದೊಳಗೆ ಯಾರ ಉತ್ತರ ಯಾರಿಗಾಗಿ ಕಾದಿರುವುದೋ ಎಂಬ ಯೋಚನೆ ಇನ್ನು ಬಾರದಿರುವುದಿಲ್ಲ.

ಕಲೆಯ ದೃಷ್ಟಿಯಿಂದ ಕುಂದುಗಳಿಲ್ಲವೆಂದಲ್ಲ. ಹಿನ್ನೆಲೆಯಲ್ಲಿ ಸುಳಿದಾಡುವ ಜನರನ್ನು ಯಂತ್ರದಿಂದ ಮಾಡಿದ್ದಾರೆ. ಅವರು ಚನ್ನಪಟ್ಟಣದ ಗೊಂಬೆಗಳಿಗೆ ಕಾಲು ಬಂದಂತೆ ನಡೆಯುತ್ತಾರೆ.

ಅಕಾನೆಯ ತಂದೆಗೆ ವರ್ಗವಾಗುತ್ತದೆ. ಟೋಕಿಯೋ ನಗರದ ಆಚೆಯ ಬದಿಯಲ್ಲಿ, ಚಿಬಾ ಪ್ರಾಂತಕ್ಕೆ ಸಂಸಾರ ಹೊರಡಬೇಕು. ಕಥೆಯಲ್ಲಿ ಇದಕ್ಕಿಂತ ದೊಡ್ಡ ವಿಪತ್ತು ಯಾವುದೂ ಇಲ್ಲ. ಖಳನಾಯಕನಿಲ್ಲ, ರೋಗವಿಲ್ಲ, ಅಪಘಾತವಿಲ್ಲ. ಅವಳು ಸೇರಲಿರುವ ಪ್ರೌಢಶಾಲೆಗೇ ತಾನೂ ಸೇರಬೇಕೆಂದು ಹುಡುಗ ಹಗಲಿರುಳು ಓದುತ್ತಾನೆ. ಮೊದಲು ಮುನಿದ ತಾಯಿ ಕಡೆಗೆ ಅವನ ಬೆನ್ನಿಗೆ ನಿಲ್ಲುತ್ತಾಳೆ. ಫಲಿತಾಂಶ ಬರುತ್ತದೆ, ಅವನು ತೇರ್ಗಡೆಯಾಗಿಲ್ಲ. ಶ್ರಮಪಟ್ಟವನಿಗೆ ಕೊನೆಯ ಕಂತಿನಲ್ಲಿ ಗೆಲುವು ಕಟ್ಟಿಟ್ಟದ್ದೆಂದು ನಮ್ಮ ಚಲನಚಿತ್ರಗಳೂ, ಸತ್ಯ ಹೇಳುವುದಾದರೆ ನಮ್ಮ ಶಾಲೆಯ ಬೆಳಗಿನ ಪ್ರಾರ್ಥನಾಸಭೆಯ ಭಾಷಣಗಳೂ, ಆಶ್ವಾಸನೆ ಕೊಡುತ್ತ ಬಂದಿವೆ. ಈ ಕಥೆ ಆ ಆಶ್ವಾಸನೆ ಕೊಡದು. ಲೋಕಲ್ ಗಾಡಿಯಲ್ಲಿ ನನ್ನ ಹುಡುಗಿಯರು ಅಳುತ್ತಿದ್ದದ್ದು ಈ ಭಾಗವನ್ನು ನೋಡಿಯೇ ಎಂದು ಆಮೇಲೆ ತಿಳಿಯಿತು.

ಈಗ ನಮ್ಮ ಮನೆಯ ಕಡೆಗೆ ಬರೋಣ. ಕನ್ನಡದಲ್ಲಿ ಎಳೆಯ ಪ್ರಾಯದ ಪ್ರೇಮವೆಂದೊಡನೆ ನೆನಪಾಗುವುದು ‘ನಾಗರಹಾವು’. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲರು ೧೯೭೨ರಲ್ಲಿ ತೆರೆಗೆ ತಂದ ಚಿತ್ರ. ಇಂಡಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಬಾಲ್ಯದಲ್ಲಿ ಅದನ್ನು ನಾನು ಪಕ್ಕದ ಮನೆಯ ಟಿ.ವಿ.ಯಲ್ಲಿ ಕಂಡೆ, ಅಂಗಳದಲ್ಲಿ ಚಾಪೆ ಹಾಸಿ ಓಣಿಯವರೆಲ್ಲ ಕುಳಿತಿದ್ದರು. ವಿಷ್ಣುವರ್ಧನರ ರಾಮಾಚಾರಿ, ಆರತಿಯವರ ಅಲಮೇಲು, ಅಶ್ವತ್ಥರ ಚಾಮಯ್ಯ ಮೇಷ್ಟ್ರು. ಚಿತ್ರದುರ್ಗದ ಬಂಡೆಗಳು ಅಲ್ಲಿ ಬರಿಯ ಹಿನ್ನೆಲೆಯಲ್ಲ. ಹುಡುಗನ ಸ್ವಭಾವವೇ ಕಲ್ಲಾಗಿ ನಿಂತಂತಿವೆ. ಅಲ್ಲಿ ದನಿಗಳೆಲ್ಲ ಎತ್ತರ. ಕೋಪ ಬಂದರೆ ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿಹಾಕುವ ಹುಡುಗ. ದುಃಖ ಬಂದರೆ ಬೆಟ್ಟವೇ ಬೇಕು. ಕಾವಾಗೋಯೆಯ ಹುಡುಗನಿಗೂ ಅವನಿಗೂ ಎತ್ತಣಿಂದೆತ್ತ ಹೋಲಿಕೆ ಎಂದು ನೀವು ಕೇಳಬಹುದು.

ಬಿಡಿಸಿ ನೋಡಿದರೆ ಆ ಗರ್ಜನೆಯ ಕೆಳಗೂ ಒಂದು ನಂಬುವಂಥ ಕಾರಣವಿದೆ. ರಾಮಾಚಾರಿಯನ್ನೂ ಅಲಮೇಲುವನ್ನೂ ಅಗಲಿಸಿದವರು ದುಷ್ಟರಲ್ಲ. ಅವನನ್ನು ಹೊಟ್ಟೆಯ ಮಗನಂತೆ ಕಂಡ ಚಾಮಯ್ಯ ಮೇಷ್ಟ್ರೇ. ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಸಂಪ್ರದಾಯದ ಮಾತು ಹೇಳಿ, ತ್ಯಾಗದ ಹಿರಿಮೆಯನ್ನು ಹೇಳಿ ಒಪ್ಪಿಸಿದರು. ಜಗತ್ತಿನಲ್ಲಿ ಯಾರ ಮಾತನ್ನೂ ಕೇಳದ ಹುಡುಗ ತನ್ನ ಗುರುವಿನ ಮಾತನ್ನು ಕೇಳಿದ. ಅವನು ಕೇಳಿದ ಆ ಒಂದು ಮಾತಿನಿಂದಲೇ ಅಲಮೇಲುವಿನ ಬಾಳು ಹಾಳಾಯಿತು. ಬಾಲ್ಯದಲ್ಲಿ ನಮ್ಮ ಓಣಿಯವರೊಡನೆ ನಾನೂ ರಾಮಾಚಾರಿಗಾಗಿ ಅತ್ತಿದ್ದೆ. ಶಿಕ್ಷಕಿಯಾದ ಮೇಲೆ ಅದೇ ಚಿತ್ರವನ್ನು ಮತ್ತೆ ಕಂಡಾಗ ಕಣ್ಣು ಚಾಮಯ್ಯನವರನ್ನು ಬಿಟ್ಟು ಕದಲಲಿಲ್ಲ. ಮಕ್ಕಳ ಮೇಲೆ ನಮಗಿರುವ ಅಧಿಕಾರ ಬೆತ್ತದಿಂದ ಬಂದದ್ದಾದರೆ ಅವರು ತಪ್ಪಿಸಿಕೊಂಡಾರು. ಪ್ರೀತಿಯಿಂದ ಬಂದದ್ದಾದರೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಕೊನೆಯ ಬೆಟ್ಟದ ದೃಶ್ಯ ಅತಿಯಾಯಿತೆಂದು ಕೆಲವರೆನ್ನುತ್ತಾರೆ. ನನಗೂ ಒಮ್ಮೊಮ್ಮೆ ಹಾಗೆನಿಸಿದ್ದುಂಟು. ಆದರೆ ಆ ಮೇಷ್ಟ್ರ ಮೆಲುದನಿಯ ದೃಶ್ಯದಲ್ಲಿ ಒಂದು ಕೂದಲೆಳೆಯಷ್ಟೂ ಅತಿಯಿಲ್ಲ.

ಇದೇ ಮಾತನ್ನು ನೆರೆಯ ಮರಾಠಿಯ ‘ಸೈರಾಟ್’ ಕುರಿತೂ ಹೇಳಬಹುದು. ೨೦೧೬ರಲ್ಲಿ ನಾಗರಾಜ ಮಂಜುಳೆಯವರು ಸೋಲಾಪುರ ಜಿಲ್ಲೆಯ ಕರಮಾಳಾ ಸೀಮೆಯಲ್ಲಿ ತೆಗೆದ ಚಿತ್ರವಿದು. ನಮ್ಮ ಇಂಡಿಯಿಂದ ಸೋಲಾಪುರ ದೂರವಲ್ಲ. ಅಲ್ಲಿಯ ಕಬ್ಬಿನ ಗದ್ದೆ, ಬಾವಿ, ಬಿಸಿಲು ನನಗೆ ತವರಿನವು. ನಾಯಕಿಯ ಪಾತ್ರ ವಹಿಸಿದ ರಿಂಕು ರಾಜಗುರು ಆಗ ಇನ್ನೂ ಶಾಲೆಯ ಹುಡುಗಿ. ರಾಷ್ಟ್ರೀಯ ಪ್ರಶಸ್ತಿಯಲ್ಲಿ ಆಕೆಗೆ ವಿಶೇಷ ಉಲ್ಲೇಖ ದೊರೆಯಿತು. ಮರುವರ್ಷ ಅದು ‘ಮನಸು ಮಲ್ಲಿಗೆ’ ಎಂದು ಕನ್ನಡಕ್ಕೂ ಬಂತು, ನಾಯಕಿ ಆಕೆಯೇ. ಹಾಡುಗಳನ್ನು ಎಲ್ಲರೂ ಬಲ್ಲರು. ನಾನು ಮೆಚ್ಚಿದ್ದು ಹಾಡುಗಳೆಲ್ಲ ಮುಗಿದ ಮೇಲಿನ ಭಾಗವನ್ನು. ಓಡಿಹೋದ ಇಬ್ಬರೂ ಹೈದರಾಬಾದಿನ ಜೋಪಡಿಯಲ್ಲಿ ಒಲೆ ಹೊತ್ತಿಸಲು ತಿಳಿಯದೆ, ಒಬ್ಬರ ಮೇಲೊಬ್ಬರು ರೇಗಿ, ಮತ್ತೆ ಸಂಭಾಳಿಸಿಕೊಳ್ಳುವ ಆ ದಿನಗಳು. ಪ್ರೇಮಕ್ಕೂ ಸೀಮೆಎಣ್ಣೆ ಬೇಕು, ಬಾಡಿಗೆ ಕಟ್ಟಬೇಕು. ಕೊನೆಯಲ್ಲಿ ಜಾತಿಯ ಮದ ಏನು ಮಾಡಿತೆಂಬುದನ್ನು ಕೂಗಾಟವಿಲ್ಲದೆ, ಸಂಗೀತವೂ ಇಲ್ಲದೆ, ಪುಟ್ಟ ಮಗುವಿನ ಹೆಜ್ಜೆಗುರುತುಗಳಿಂದ ತೋರಿಸುತ್ತಾರೆ. ಅದನ್ನು ಇಲ್ಲಿ ವಿಸ್ತರಿಸಲಾರೆ. ದೊಡ್ಡವರಾದ ಮೇಲೆ ನೀವೇ ನೋಡುವಿರಿ.

ಹೀಗೆ ಮೂರನ್ನೂ ಒತ್ತಟ್ಟಿಗಿಟ್ಟು ನೋಡಿದಾಗ, ಕಣ್ಣೀರಿನ ಪ್ರಮಾಣದಿಂದ ಕಥೆಯ ನಿಜವನ್ನು ಅಳೆಯಲಾಗದೆಂದು ನನಗೆ ಮನವರಿಕೆಯಾಯಿತು. ನೋಡಬೇಕಾದದ್ದು ಅಗಲಿಕೆ ಯಾವ ಬಾಗಿಲಿನಿಂದ ಬಂತು ಎಂಬುದನ್ನು. ಗುರುವಿನ ಮಾತಿನಿಂದ ಬಂತೇ, ಜಾತಿಯ ಹಗೆಯಿಂದ ಬಂತೇ, ತಂದೆಯ ವರ್ಗಾವಣೆಯ ಕಾಗದದಿಂದ ಬಂತೇ? ಬಂದ ಬಾಗಿಲು ಆ ಊರಿನದೇ ಆದರೆ, ಆಮೇಲೆ ಪಾತ್ರಗಳು ಪಿಸುಗುಟ್ಟಿದರೂ ಸರಿ, ಬೆಟ್ಟ ಹತ್ತಿ ಕೂಗಿದರೂ ಸರಿ. ಕಥೆಯನ್ನು ಮುಂದಕ್ಕೆ ತಳ್ಳಲೆಂದೇ ತಂದಿಟ್ಟ ಅಪಘಾತವೂ, ಹೆಸರೇ ಕೇಳಿರದ ಕಾಯಿಲೆಯೂ ಎಷ್ಟು ಅಳಿಸಿದರೂ ಮರುದಿನಕ್ಕೆ ಉಳಿಯವು.

ಡೊಂಬಿವಲಿಯ ನಮ್ಮ ಮಕ್ಕಳಿಗೆ ದೂರದ ಕಾವಾಗೋಯೆ ಏಕೆ ಹತ್ತಿರವಾಯಿತೆಂಬುದೂ ಇದರಿಂದ ತಿಳಿಯುತ್ತದೆ. ನಮ್ಮಲ್ಲಿ ಮನೆಯೆಂಬುದು ಹನ್ನೊಂದು ತಿಂಗಳ ಬಾಡಿಗೆ ಕರಾರು. ತಂದೆಯ ಹೋಟೆಲು ಕೆಲಸ ಬದಲಾದರೆ, ಕಟ್ಟಡದ ಕಾಮಗಾರಿ ಮುಗಿದರೆ, ಕಾರಖಾನೆಯ ಕ್ಯಾಂಟೀನಿನ ಗುತ್ತಿಗೆ ಬೇರೆಡೆ ಸಿಕ್ಕಿದರೆ ಸಂಸಾರ ಎದ್ದು ಹೊರಡುತ್ತದೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮೇಲೆ ಕೆಂಪು ಗೆರೆ ಎಳೆಯುತ್ತೇನೆ. ಪಕ್ಕದ ಬೆಂಚಿನವರು ಆ ಗೆರೆಯನ್ನು ನೋಡುತ್ತಾರೆ. ಮೇಲಾಗಿ ಹತ್ತನೆಯ ತರಗತಿಯೊಂದಿಗೆ ಇಲ್ಲಿ ಕನ್ನಡ ಮಾಧ್ಯಮದ ದಾರಿ ಮುಗಿಯಿತು. ಆ ಬಳಿಕ ಒಬ್ಬ ಉಲ್ಹಾಸನಗರದ ಕಾಲೇಜಿಗೆ, ಒಬ್ಬಳು ಥಾಣೆಗೆ, ಒಬ್ಬ ಚಿಕ್ಕಪ್ಪನ ಹೋಟೆಲಿನ ಗಲ್ಲಾಪೆಟ್ಟಿಗೆಗೆ, ಇನ್ನೊಬ್ಬಳು ಅಜ್ಜಿಯ ಊರಿಗೆ. ಪ್ರತಿ ವರ್ಷ ಬೀಳ್ಕೊಡುಗೆಯ ದಿನ ಫರಸಾಣ ಹಂಚಿ, ಫೋಟೋ ತೆಗೆದು ಮುಗಿಸುತ್ತೇವೆ. ಅಂದು ಮಕ್ಕಳು ಅಳುವುದನ್ನು ಕಂಡು, ‘ಎರಡು ದಿನ, ಆಮೇಲೆ ಮರೆಯುತ್ತಾರೆ’ ಎಂದು ದೊಡ್ಡವರು ನಗುವುದುಂಟು. ಅವರ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ.

ನಾನು ಮೊದಲ ಸಲ ಸಿದ್ದೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ಕಲ್ಯಾಣಕ್ಕೆ ಹೊರಟ ರಾತ್ರಿ ಅಪ್ಪ ಸೋಲಾಪುರದವರೆಗೆ ಬಂದಿದ್ದರು. ಗಾಡಿ ಹೊರಡುವ ತನಕ ಅವರು ಆಡಿದ್ದು ಒಂದೇ ಮಾತು: “ಜ್ವಾಳದ ಹಿಟ್ಟು ಕೆಳಗಿನ ಚೀಲದಾಗ ಅದ, ನೀರು ತಾಗಸಬ್ಯಾಡವ್ವಾ.” ಸೋಸೆಕಿಯವರ ದಂತಕಥೆಯನ್ನು ಓದಿದಾಗ ನನಗೆ ಆ ಚೀಲ ನೆನಪಾಯಿತು. ಚಂದಿರನಿರಲಿ, ಜೋಳದ ಹಿಟ್ಟಿರಲಿ, ನಮ್ಮವರೂ ಏನಾದರೊಂದು ನೆಪವಿಲ್ಲದೆ ಒಲವನ್ನು ನುಡಿಯುವವರಲ್ಲ.

ಮಾಲಿಕೆಯ ಮುಕ್ತಾಯವನ್ನೂ ಹೇಳಿಬಿಡುತ್ತೇನೆ. ಎದುರಿಗೆ ಮಾತು ಬಾರದ ಹುಡುಗ ತಮ್ಮಿಬ್ಬರ ಕಥೆಯನ್ನು ‘೧೩.೭೦’ ಎಂಬ ಹೆಸರಿನಿಂದ ಬರೆದು ಅಂತರಜಾಲದಲ್ಲಿ ಪ್ರಕಟಿಸುತ್ತಾನೆ. ಹೊರಟ ರೈಲಿನಲ್ಲಿ ಹುಡುಗಿ ಅದನ್ನು ಓದುತ್ತಾಳೆ. ಅವನು ಸೇತುವೆಯ ಮೇಲಿಂದ ಕೂಗುತ್ತಾನೆ. ಇಲ್ಲಿಗೇ ನಿಲ್ಲಿಸಿದ್ದರೆ ನಾನು ಎದ್ದು ನಿಂತು ನಮಸ್ಕರಿಸುತ್ತಿದ್ದೆ. ಆದರೆ ಕಟ್ಟಕಡೆಯಲ್ಲಿ ಹೆಸರುಗಳು ಬರುವಾಗ, ವರ್ಷಗಳ ಸಂದೇಶಗಳನ್ನೂ ಚಿತ್ರಗಳನ್ನೂ ತೋರಿಸಿ, ಮದುವೆ ಮಾಡಿಸಿ, ಕೈಯಲ್ಲಿ ಕೂಸನ್ನೂ ಇಟ್ಟು ಕಳಿಸುತ್ತಾರೆ. ನನ್ನ ಹುಡುಗಿಯರಿಗೆ ಆ ಭಾಗವೇ ಅತ್ಯಂತ ಪ್ರಿಯ. “ಅದಿಲ್ಲದಿದ್ರೆ ನಿದ್ದೆ ಬರ್ತಿರ್ಲಿಲ್ಲ ಟೀಚರ್” ಎಂದರು. ಅಂಕ ಕಡಿಮೆ ಕೊಟ್ಟೆನೆಂದು ಅವರು ನನ್ನ ಮೇಲೆ ಮುನಿದಿದ್ದಾರೆ. ಹನ್ನೆರಡು ಕಂತುಗಳಲ್ಲಿ ದುಡಿದು ಗಳಿಸಿದ ಸತ್ಯವನ್ನು ಕೊನೆಯ ಗಳಿಗೆಯಲ್ಲಿ ಸಿಹಿತಿಂಡಿಗೆ ಖರ್ಚು ಮಾಡಿದಂತಾಯಿತೆಂಬುದು ನನ್ನ ಪಟ್ಟು. ಹತ್ತಿರದ ರೈಲುದೂರವೂ ಹದಿನೈದರ ಪ್ರಾಯಕ್ಕೆ ಎಷ್ಟು ದೂರವೆಂಬುದನ್ನು ಅಷ್ಟು ಚೆನ್ನಾಗಿ ಬಲ್ಲವರು, ಆ ದೂರವನ್ನು ನಾಲ್ಕು ಚಿತ್ರಗಳಲ್ಲಿ ದಾಟಿಬಿಡಬಾರದಿತ್ತು.

ನಮ್ಮ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಗೆಳತಿ ಈ ವರ್ಷ ನವಿಮುಂಬಯಿಗೆ ಹೋದಳು. ತಂದೆಗೆ ತುರ್ಭೆಯಲ್ಲಿ ಕ್ಯಾಂಟೀನಿನ ಕೆಲಸ, ಮನೆ ಕೋಪರ್‌ಖೈರಾಣೆಯಲ್ಲಿ. ಒಂದನೆಯ ತರಗತಿಯಿಂದ ಒಂದೇ ಬೆಂಚಿನವರು ಅವರಿಬ್ಬರು. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಇವಳ ಮುಖ ತುಸು ಗೆಲುವಾಗಿರುವುದನ್ನು ಕಂಡು ವಿಚಾರಿಸಿದೆ. ತಿಂಗಳಿಗೊಂದು ಭಾನುವಾರ ಇವಳು ಡೊಂಬಿವಲಿಯಿಂದ ತಾಯಿಯ ಜೊತೆ, ಅವಳು ಕೋಪರ್‌ಖೈರಾಣೆಯಿಂದ ಅಣ್ಣನ ಜೊತೆ ಹೊರಟು ಥಾಣೆಯಲ್ಲಿ ಇಳಿಯುತ್ತಾರಂತೆ. ನಿಲ್ದಾಣದಿಂದ ಹೊರಗೆ ಹೋಗುವುದಿಲ್ಲ; ನವಿಮುಂಬಯಿಯ ಗಾಡಿಗಳು ಬರುವ ಹತ್ತನೆಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಂದು ಗಂಟೆ ಕುಳಿತು, ಇಬ್ಬರೂ ತಂತಮ್ಮ ಗಾಡಿ ಹಿಡಿಯುತ್ತಾರೆ.

“ಒಂದು ಗಂಟೆ ಏನು ಮಾತಾಡುತ್ತೀರಿ?” ಎಂದು ಕೇಳಿದೆ.

“ಏನಿಲ್ಲ ಟೀಚರ್” ಎಂದಳು. “ಗಾಡಿ ಎಷ್ಟು ರಶ್ ಇತ್ತು ಅಂತ ಅವಳು ಹೇಳ್ತಾಳೆ. ನಮ್ಮದೂ ರಶ್ ಇತ್ತು ಅಂತ ನಾನು ಹೇಳ್ತೇನೆ.”